ಸೇತುವೆಯ ಅರಳಿ ಗಿಡ

ಹಳ್ಳಿಮೈಸೂರಿನಾಚೆ, ಹಳೆಯ ಪಾಳೆಯಗಾರರ ಅರಮನೆಯ ಮಗ್ಗುಲಲ್ಲೇ ಹಳ್ಳಕ್ಕೆ ಕಟ್ಟಿದ್ದ ಕಲ್ಲುಸೇತುವೆಯನ್ನು ಕೆಂಪಣ್ಣನ ಮನೆತನ ಮೂರು ತಲೆಮಾರಿನಿಂದ ನೋಡಿಕೊಂಡು ಬಂದಿತ್ತು. ಕೆಲಸ ಒಂದೇ. ದೀಪಾವಳಿ ಕಳೆದು ನೀರು ಇಳಿದ ಮೇಲೆ ಸೊಂಟಕ್ಕೆ ಹಗ್ಗ ಬಿಗಿದು ಇಳಿಯಬೇಕು, ಕಲ್ಲಿನ ಸಂದಿಯಲ್ಲಿ ಹುಟ್ಟಿದ ಅರಳಿ ಸಸಿಗಳನ್ನು ಬೇರುಸಮೇತ ಕೀಳಬೇಕು, ಮತ್ತೆ ಚಿಗುರದಂತೆ ಇಂಗಿನ ನೀರು ಬಿಡಬೇಕು. ಒಂದು ಬೇರು ಉಳಿದರೂ ಅದು ಕಲ್ಲನ್ನು ಸೀಳಿಬಿಡುತ್ತದೆ.

ಊರಿಗೆ ಸೇತುವೆ ಬೇಕಿತ್ತು, ಅರಳಿ ಕಿತ್ತ ಪಾಪ ಮಾತ್ರ ಬೇಡವಾಗಿತ್ತು. ಅದು ಕೆಂಪಣ್ಣನ ಪಾಲಿಗೇ ಇರಲಿ! ಅವನ ಎರಡು ಕೂಸುಗಳು ತೊಟ್ಟಿಲಲ್ಲೇ ತೀರಿಕೊಂಡಾಗ, ಅದೇ ಸೇತುವೆಯ ಮೇಲೆ ಸಂತೆಗೆ ಹೋಗುವ ಹೆಂಗಸರು, "ಅಳ್ಳಿ ಕಿತ್ತೋನ ಮನೇಲಿ ಕೂಸು ಉಳಿದಾತಾ?" ಎಂದು ಅವನ ಕಿವಿಗೆ ಬೀಳುವ ಹಾಗೆಯೇ ಆಡಿಕೊಂಡರು. ಎಲುಬಿಲ್ಲದ ನಾಲಿಗೆ.

ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಹೆಂಡತಿ ಅನಸೂಯಮ್ಮ ಮತ್ತೆ ಬಸುರಾದಳು. ಪಕ್ಕದ ಮನೆಯ ಸುಬ್ಬಮ್ಮ ಬಂದು, "ಅರಮನೆ ಕಡೆ ದಡದಾಗೈತಲ್ಲ, ಅದೊಂದ್ ಗಿಡಾನಾರ ಬುಟ್ಬುಡ್ಲಾ ಕೆಂಪಣ್ಣ. ದ್ಯಾವ್ರು ಕಣ್ಬುಡ್ತಾನೆ" ಎಂದಳು. ಅನಸೂಯಮ್ಮ ಗಂಡನ ಕೈಯಲ್ಲಿದ್ದ ಹಗ್ಗವನ್ನು ಹಿಡಿದುಕೊಂಡು ನಿಂತಳು. ಕೆಂಪಣ್ಣ ಅದೊಂದನ್ನು ಬಿಟ್ಟ.

ಹೆಣ್ಣು ಕೂಸು ಹುಟ್ಟಿತು, ಬದುಕಿತು. ಆಮೇಲೆ ಆ ಗಿಡ ಮುಟ್ಟುವ ಎದೆ ಯಾವ ತಂದೆಗಿದೆ? ಪ್ರತಿವರ್ಷ ಉಳಿದದ್ದನ್ನೆಲ್ಲ ಕಿತ್ತು ಅದರ ಮುಂದೆ ಬಂದಾಗ ಹಗ್ಗ ಹಿಡಿದು ಮೇಲೆ ಹತ್ತಿಬಿಡುತ್ತಿದ್ದ. ಸಂದಿ ಅಗಲವಾಗುವುದು ಕಾಣುತ್ತಿತ್ತು. ಕಣ್ಣಿದ್ದೂ ಕುರುಡನಾದ.

ನಲವತ್ತಾರರ ಮಳೆಗಾಲದಲ್ಲಿ ಆ ಕಡೆಯ ಕಮಾನು ಕುಸಿಯಿತು. ಜೀವಹಾನಿಯೇನೂ ಆಗಲಿಲ್ಲ, ಆದರೆ ಭತ್ತದ ಗಾಡಿಗಳು ಹೊಳೆನರಸೀಪುರಕ್ಕೆ ಎರಡು ಹರದಾರಿ ಸುತ್ತಿ ಹೋಗಬೇಕಾಯಿತು. ವಿಚಾರಣೆಗೆ ಬಂದ ಸರ್ಕಾರಿ ಸಾಹೇಬರ ಮುಂದೆ ಸುಬ್ಬಮ್ಮನೇ ಬಾಯಿ ಬಿಟ್ಟಳು: "ಇವ್ನೇ ಸಾ, ಗಿಡ ಬುಟ್ಟೋನು. ಎಂಟು ವರ್ಸದಿಂದ ಕಿತ್ತೇ ಇಲ್ಲ."

"ಕಿತ್ತಾಗ್ಲೂ ನಾನೇ ಪಾಪಿ, ಬುಟ್ಟಾಗ್ಲೂ ನಾನೇ ಪಾಪಿ. ನಿಮ್ ಸರದಿ ಯಾವಾಗ್ರವ್ವಾ?" ಎಂದ ಕೆಂಪಣ್ಣ. ಅವನ ಕೆಲಸ ಹೋಯಿತು.

ಕಮಾನು ಬಿದ್ದರೂ ಅರಳಿ ಮಾತ್ರ ದಡ ಕಚ್ಚಿಕೊಂಡು ನಿಂತಿತ್ತು. ಊರವರು ದೇವರ ಮಹಿಮೆ ಅಂದರು. ಹೆಂಗಸರು ಅರಿಶಿನ ಕುಂಕುಮ ಹಚ್ಚಿ ಕೈಮುಗಿದರು. ಮರಕ್ಕೊಂದು ಕಟ್ಟೆ ಆಗಲೇಬೇಕೆಂದು ಪಂಚಾಯ್ತಿ ಸೇರಿತು. ಹಳ್ಳಕ್ಕೆ ಬಿದ್ದ ಕಲ್ಲುಗಳನ್ನು ಮೇಲೆ ಹೊರಲು ಕೂಲಿಯಾಳು ಬೇಕಿತ್ತು. ಕೆಂಪಣ್ಣ ಹೋದ, ಮಗಳ ಹೊಟ್ಟೆಗೆ ಹಾಕಬೇಕಿತ್ತಲ್ಲ. ಅಜ್ಜ, ಅಪ್ಪ, ತಾನು ಕಾಯ್ದ ಕಲ್ಲುಗಳನ್ನು ಒಂದೊಂದಾಗಿ ಹೆಗಲ ಮೇಲೆ ಹೊತ್ತು ತಂದು, ಆ ಮರದ ಬುಡಕ್ಕೆ ಇಟ್ಟ.