ಗದ್ದದವರೆಗಿನ ಸ್ಕೀ

ಗುಲ್ಮಾರ್ಗ್‌ನ ಬಾಡಿಗೆ ಅಂಗಡಿಯಲ್ಲಿ, ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಸ್ಕೀ ಹಲಗೆಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. ನಮ್ಮ ಯಜಮಾನರು ಎಲ್ಲಕ್ಕಿಂತ ಉದ್ದನೆಯ, ಹೊಸ ಜೋಡಿಯನ್ನು ಎಳೆದು ತಮ್ಮ ಪಕ್ಕ ನಿಲ್ಲಿಸಿ ಅಳೆದರು. ಅವರದು ದೇವದುರ್ಗದ ಕಡೆ ಕುರಿ ಕಾಯುವ ಮನೆತನ. ಅಲ್ಲಿ ಕೋಲು ಆರಿಸುವುದೇ ಹಾಗೆ, ತಲೆಗಿಂತ ಒಂದು ಗೇಣು ಮೇಲಿರಬೇಕು.

"ಬಾಡಿಗಿ ಜಾಸ್ತಿ ಆದ್ರೂ ಇದ ಇರಲಿ. ಜೀವದ ಪ್ರಶ್ನಿ ಅದ," ಎಂದರು.

ಅಂಗಡಿಯ ಮುದುಕ ಅದನ್ನು ಅವರ ಕೈಯಿಂದ ಬಿಡಿಸಿಕೊಂಡ. ಗೀರು ಬಿದ್ದ, ಗದ್ದದವರೆಗಷ್ಟೇ ಬರುವ ಅಗ್ಗದ ಎರಡು ಜೋಡಿ ತಂದಿಟ್ಟ. ಉದ್ದನೆಯದು ಜೋರಾಗಿ ಓಡುತ್ತದೆ, ಬೇಗ ತಿರುಗುವುದಿಲ್ಲ, ಹೊಸಬರಿಗೆ ಗಿಡ್ಡದೇ ಸರಿ ಎಂದು ಹಿಂದಿಯಲ್ಲಿ ಹೇಳಿದ. ಮೇಣ ಸವರಿದ ಅದರ ಅಡಿಭಾಗ ಮುಟ್ಟಿದೆ. ಬೆರಳು ನಿಲ್ಲದೆ ಜಾರಿತು. ಬೂಟು ಸಿಕ್ಕಿಸುವ ಕೊಂಡಿಯನ್ನಾದರೂ ಇನ್ನಷ್ಟು ಬಿಗಿ ಮಾಡು ಎಂದು ಕೇಳಿಕೊಂಡೆ.

"ಬೇಡ," ಎಂದ. "ಬಿದ್ದಾಗ ಅದು ಕಳಚಬೇಕು. ಇಲ್ಲದಿದ್ದರೆ ಕಾಲು ಮುರಿಯುತ್ತದೆ."

ಅಂದರೆ ನಾನು ಬೀಳುವುದು ಅವನಿಗೆ ಆಗಲೇ ಗೊತ್ತಿತ್ತು!

"ರೀ, ಹೊಳ್ಳಿ ಹೋಗೂಣ್ರಿ," ಎಂದೆ.

"ಇಲ್ಲೀತನ ಬಂದೀವಿ. ಅಂಜಬ್ಯಾಡ, ಸುಮ್ಮ ನಿಂದ್ರು," ಎಂದರು ಯಜಮಾನರು.

ಹೊರಗೆ ಸ್ಕೀ ಕಟ್ಟಿಕೊಂಡು ಹಿಮದ ಇಳಿಜಾರಿನ ಮೇಲ್ತುದಿಯಲ್ಲಿ ಸುಮ್ಮನೆ ನಿಂತೆ. ಒಂದು ಹೆಜ್ಜೆಯನ್ನೂ ಇಡಲಿಲ್ಲ. ಆದರೂ ಪಕ್ಕದ ಮರಗಳು ಹಿಂದಕ್ಕೆ ಸರಿಯತೊಡಗಿದವು. ಬೆನ್ನ ಹಿಂದೆ ಯಜಮಾನರು, ಓಡುವ ಮಂದೆಯನ್ನು ತಡೆಯಲು ಹಾಕುವ ಕೂಗನ್ನೇ ಹಾಕಿದರು: "ಹೋಯ್! ಹೋಯ್!"

ಕುರಿಗಳಾಗಿದ್ದರೆ ನಿಲ್ಲುತ್ತಿದ್ದವು.