ಸಹಿಗೆ ಮುಂಚೆ ಉಡಿ

ಮನೋಳಿಯಲ್ಲಿ ದೊಡ್ಡಪ್ಪ ಬಿಟ್ಟುಹೋದ ಹೊಳೆದಂಡೆಯ ಜಮೀನಿನಲ್ಲಿ ಎಂಟು ಎಕರೆ ಅವರ ಮಗಳ ಪಾಲಿನದು. ಅವಳನ್ನು ನಾನು ಅಕ್ಕ ಎನ್ನುತ್ತೇನೆ. ರಾಮದುರ್ಗದ ದೊಡ್ಡ ಮನೆತನಕ್ಕೆ ಕೊಟ್ಟಿದ್ದಾರೆ. ದೊಡ್ಡಪ್ಪ ತೀರಿಕೊಂಡ ವರ್ಷದೊಳಗೆ ಅವಳ ಅಣ್ಣ ಹಕ್ಕು ಬಿಡುವ ಪತ್ರ ಬರೆಸಿದ. ನಮ್ಮ ಕಡೆಯ ಸ್ಥಿತಿವಂತರ ಮನೆಗಳಲ್ಲಿ ಇದೊಂದು ರೂಢಿ. ಮಗಳು ಸಹಿ ಮಾಡುತ್ತಾಳೆ, ತವರಿನವರು ಇಳಕಲ್ ಸೀರೆ ಉಡಿಸಿ, ಉಡಿ ತುಂಬಿ ಗಂಡನ ಮನೆಗೆ ಕಳಿಸುತ್ತಾರೆ. ಸಹಿ ಮಾಡದವಳಿಗೆ ತವರಿನ ಕರೆ ನಿಲ್ಲುತ್ತದೆ.

ಬೈಲಹೊಂಗಲದಲ್ಲಿ ಪತ್ರಿಕೆಯ ವರದಿಗಾರ್ತಿಯಾಗಿರುವ ನನ್ನನ್ನು ಸಾಕ್ಷಿಗೆಂದು ಕರೆಸಿದ್ದರು. "ಪೇಪರಿನಾಕಿ ಸಹಿ ಇದ್ರ ನಾಳೆ ಯಾರೂ ತಕರಾರ ತಗಿಯೂದಿಲ್ಲ" ಎಂದು ಅಣ್ಣ ನಕ್ಕ. ಹನ್ನೊಂದಕ್ಕೆ ಸವದತ್ತಿಯ ನೋಂದಣಿ ಕಚೇರಿಯಲ್ಲಿರಬೇಕಿತ್ತು. ಪತ್ರವನ್ನು ನನ್ನ ಚೀಲದಲ್ಲಿಟ್ಟು ಅವನು ಕಾರು ತೆಗೆಯಲು ಹೋದ.

ಅಷ್ಟರಲ್ಲಿ ದೊಡ್ಡವ್ವ ಅಕ್ಕನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿಬಿಟ್ಟಳು. ಅಕ್ಕಿ, ಬಟ್ಟಲ ಕೊಬ್ಬರಿ, ಉತ್ತತ್ತಿ, ಅರಿಶಿನ ಕೊಂಬು, ಎಲೆ ಅಡಿಕೆ. ಒಳಗೆ ಬಂದ ಅಣ್ಣ ಬಾಗಿಲಲ್ಲೇ ನಿಂತ.

"ಯವ್ವಾ, ಇದೇನ ಮಾಡಿದಿ? ಸಹಿ ಆದ ಮ್ಯಾಲಲ್ಲೇನು ಉಡಿ?"

"ಹೊತ್ತ ಛಲೋ ಇತ್ತು, ತುಂಬಿದೆ" ಎಂದಳು ದೊಡ್ಡವ್ವ.

"ಇರ್ಲಿ ಬಿಡು. ಸವದತ್ತ್ಯಾಗ ಅರ್ಧಾ ತಾಸಿನ ಕೆಲಸ, ನಡೀರಿ."

ಅಕ್ಕ ಸೆರಗಿನ ಗಂಟು ಹಿಡಿದುಕೊಂಡು ಎದ್ದಳು. "ಉಡಿ ತುಂಬಿಸ್ಕೊಂಡಾಕಿ ನಡುವ ಎಲ್ಲೂ ಇಳಿಬಾರದಣ್ಣಾ. ನೆಟ್ಟಗ ಗಂಡನ ಮನಿಗೆ ಹೋಗಿ ದೇವರ ಮುಂದ ಬಿಚ್ಚಬೇಕು."

"ಬಿ.ಕಾಂ. ಕಲ್ತು ಇದನ್ನೆಲ್ಲಾ ನಂಬ್ತಿ?"

"ನೀ ಎಂ.ಕಾಂ. ಕಲ್ತಾಂವ, ಉಡಿ ತುಂಬತೇವಿ ಬಾ ಅಂತ ಫೋನ್ ಮಾಡಿದ್ದಿಲ್ಲೇನು?"

ಅಣ್ಣ ತಾಯಿಯ ಕಡೆ ನೋಡಿದ. ದೊಡ್ಡವ್ವ ಅಡುಗೆಮನೆಗೆ ಹೋದಳು. ಐವತ್ತು ವರ್ಷದಿಂದ ಆ ಮನೆಯ ಹೆಣ್ಣುಮಕ್ಕಳಿಗೆಲ್ಲ ಉಡಿ ತುಂಬಿದವಳು ಕ್ರಮ ತಪ್ಪಿದ್ದು ಅವಸರಕ್ಕೋ, ಬೇಕೆಂದೋ? ಅಣ್ಣ ಬರಲಿಲ್ಲ. ನಾವಿಬ್ಬರೇ ಬಾಡಿಗೆ ಕಾರಿನಲ್ಲಿ ರಾಮದುರ್ಗಕ್ಕೆ ಹೊರಟಾಗ ಅಕ್ಕನನ್ನೇ ಕೇಳಿದೆ. ನೀನೂ ದೊಡ್ಡವ್ವನೂ ಮೊದಲೇ ಮಾತಾಡಿಕೊಂಡಿದ್ದಿರಾ?

"ಇಲ್ಲಬೇ. ಅಕ್ಕಿ ಹಾಕೂವಾಗ ಅವ್ವ ನನ್ನ ಮಾರಿ ಸುದ್ದಾ ನೋಡ್ಲಿಲ್ಲ."

"ಮತ್ತ ನೀ ಅಂದದ್ದು ಖರೇನಾ? ನಂಬ್ತಿಯೇನು?"

"ಅನ್ನೂವಾಗ ನಂಬಿದ್ದೆ" ಎಂದು ಕಿಟಕಿಯ ಕಡೆ ತಿರುಗಿದಳು.

ರಾಮದುರ್ಗದಲ್ಲಿ ಅವಳು ದೇವರ ಮುಂದೆ ಉಡಿ ಬಿಚ್ಚಿ ಹೊರಬರುವವರೆಗೂ ಗಂಡ ಕೇಳದೆ ತಡೆದುಕೊಂಡಿದ್ದರು. ಸಹಿ ಆಗಿಲ್ಲ, ಪತ್ರ ನನ್ನ ಚೀಲದಲ್ಲೇ ಇದೆ ಎಂದು ತಿಳಿದು ಅವರ ಮುಖ ಅರಳಿತು. "ಶಾಣ್ಯಾಕಿ! ಪಾಲು ಕೈಗೆ ಬರಲಿ, ಮಾರಿ ಹುಬ್ಬಳ್ಳ್ಯಾಗ ಎರಡ ಸೈಟ್ ಹಿಡಿಯೂಣು." ನನ್ನ ಕಡೆ ಕೈ ಚಾಚಿದರು. "ಆ ಪತ್ರ ಕೊಡ್ರಿ ಇಲ್ಲೆ, ವಕೀಲರಿಗೆ ತೋರಸ್ತೇನಿ."

ಪತ್ರ ಹೊರತೆಗೆದೆ. ಅದು ಯಾರ ಕೈಗೆ ಸೇರಬೇಕೆಂದು ನನಗೆ ತಿಳಿಯಲಿಲ್ಲ. ಬರೆಸಿದವನು ಅಣ್ಣ, ಕೇಳುತ್ತಿರುವವರು ಗಂಡ. ಅಕ್ಕ ಅದನ್ನು ತೆಗೆದುಕೊಂಡು ಹೋಗಿ ತನ್ನ ಕಪಾಟಿನಲ್ಲಿ ಸೀರೆಗಳ ಕೆಳಗಿಟ್ಟು ಕೀಲಿ ಹಾಕಿದಳು.

"ನಿನಗ ಏನ ಬೇಕಾಗೇತಿ ಅಕ್ಕಾ?" ಎಂದು ಕೋಣೆಯಲ್ಲಿ ಕೇಳಿದೆ.

"ಸಹಿ ಮಾಡಿದ್ರ ಹೊಲ ಅಣ್ಣಂದು, ಮಾಡ್ಲಿಲ್ಲಂದ್ರ ಇವರದು. ನಂದು ಆಗೂ ದಾರಿ ಯಾವದರ ಇದ್ರ ಹೇಳು, ನೀ ಪೇಪರಿನಾಕಿ."

ವಾರಸಾ ಹಕ್ಕಿನ ಬಗ್ಗೆ ಎಷ್ಟೋ ಸಲ ಬರೆದಿದ್ದೆ. ಆ ಹೊತ್ತಿಗೆ ಒಂದು ಸಾಲೂ ನೆನಪಾಗಲಿಲ್ಲ.

ಈ ಸಲ ನಾಗರ ಪಂಚಮಿಗೆ ಅಣ್ಣ ಅವಳನ್ನು ಕರೆಯಲು ಹೋಗಲಿಲ್ಲ. ದೊಡ್ಡವ್ವ ಉಂಡಿ ಕಟ್ಟಿ ನನ್ನ ಕೈಯಲ್ಲಿ ಕಳಿಸಿದಳು. ಒಂದು ಉಂಡಿ ಮುರಿದು ಬಾಯಿಗಿಟ್ಟುಕೊಂಡ ಅಕ್ಕ, ಹೊಳೆದಂಡೆಯ ಹೊಲಕ್ಕೆ ಈ ವರ್ಷ ಏನು ಹಾಕಿದ್ದಾರೆಂದು ಕೇಳಿದಳು. ನಾನು ನೋಡಿಕೊಂಡು ಬಂದಿರಲಿಲ್ಲ.