ಗೌರಿಯ ಫೋಟೊ, ಅಪ್ಪನ ರುಮಾಲು

ಕುಳಿತಿರುವ ಮಹನೀಯರೇ, ನಿಂತಿರುವ ಮಿತ್ರರೇ, ಇವತ್ತು ತುರುವೇಕೆರೆಯ ತೋಟದಲ್ಲಿ ನಡೆದದ್ದನ್ನು ಕೇಳಿ! ನಾಟಕ ಕಂಪನಿಯವರು ನಮ್ಮ ಗೌರಿಗೆ, ಬಣ್ಣ ಹಚ್ಚದ ಮುಖದ ಫೋಟೊ ಹಗಲ ಬೆಳಕಿನಲ್ಲಿ ತೆಗೆಸಿ ಕಳಿಸಿದರೆ ಪಾತ್ರ ಕೊಡುತ್ತೇವೆ ಎಂದಿದ್ದರು. ನಾನು ಕ್ಯಾಮೆರಾ ಹಿಡಿದು ನಿಂತರೆ, ತೆಂಗಿನ ಗರಿಗಳ ಸಂದಿಯಿಂದ ಬಿಸಿಲು ತೂರಿ ಹುಡುಗಿಯ ಮುಖವೆಲ್ಲ ಚುಕ್ಕೆ ಚುಕ್ಕೆ!

ಅಷ್ಟರಲ್ಲಿ ಅವಳಪ್ಪ ಸಿದ್ದಲಿಂಗಣ್ಣ ಗುಡುಗುತ್ತ ಬಂದರು. "ಲೇ ಫೋಟೊದವ್ನೇ, ನಿಲ್ಸು! ನನ್ನ ಮಗಳು ನಾಟಕಕ್ಕೆ ಹೋಗಾಕಿಲ್ಲ."

"ನಿಲ್ಸಿದೀನಿ ಕಣಣ್ಣ. ಈ ಬೆಳಕಲ್ಲಿ ಹೆಂಗೂ ಚಿರತೆ ಮರಿ ಥರ ಬತ್ತಾಳೆ."

"ಯಾರ್ಲಾ ಚಿರತೆ? ನಮ್ಮ ಗೌರಿನಾ?"

ಗೌರಿ ಕಣ್ಣು ತುಂಬಿಕೊಂಡು ಅಪ್ಪನನ್ನೇ ನೋಡಿದಳು. ಸಿದ್ದಲಿಂಗಣ್ಣ, ಮದುವೆ ಮನೆಯಲ್ಲೂ ಬಿಚ್ಚದ ತಲೆಯ ಬಿಳಿ ರುಮಾಲನ್ನು ಸರಸರನೆ ಬಿಚ್ಚಿ, ಒಂದು ತುದಿಯನ್ನು ಮರಕ್ಕೆ ಕಟ್ಟಿ, ಇನ್ನೊಂದನ್ನು ಮಗಳ ನೆತ್ತಿಯ ಮೇಲೆ ಎತ್ತಿ ಹಿಡಿದರು.

"ತೆಗೀಲಾ ಬೇಗ! ಚೆಂದಾಗಿ ಬರ್ದಿದ್ರೆ ನಿನ್ನ ಬುಡಾಕಿಲ್ಲ."

ಚುಕ್ಕೆಗಳೆಲ್ಲ ಮಾಯ! ಹಾಲಿನಂಥ ಬೆಳಕಿನಲ್ಲಿ ಗೌರಿ ನಕ್ಕಳು, ನಾನು ಕ್ಲಿಕ್ಕಿಸಿದೆ. ಆ ಸಂಭ್ರಮದಲ್ಲಿ ಅಪ್ಪನ ಕೈ ಜಾರಿ ರುಮಾಲು ಪಕ್ಕದ ಕಾಲುವೆಯ ಕೆಸರಿಗೆ ಬಿತ್ತು.

ನಾಳೆ ಬೆಳಿಗ್ಗೆ ನಾನೇ ಅದನ್ನು ಒಗೆದು, ನೀಲಿ ಹಾಕಿ, ಇಸ್ತ್ರಿ ಮಾಡಿ, ಕೈಮುಗಿದು ಒಪ್ಪಿಸಿ ಬರುತ್ತೇನೆ. ಅಲ್ಲಿಯವರೆಗೆ ಆ ಪುಣ್ಯಾತ್ಮರು ಮನೆಯಿಂದ ಹೊರಗೆ ಬರುವುದಿಲ್ಲವಂತೆ!